ಮೂರು ಪಟ್ಟು ಗಾಳಿ ಲೆಕ್ಕ

ಕೇಳುಗರಿಗೆ ನಮಸ್ಕಾರ. ಮೇ ತಿಂಗಳ ಸಂಜೆ ದೇವನಹಳ್ಳಿ ಮೇಲೆ ಗುಡುಗು ಮಳೆ ಶುರುವಾದರೆ ವಿಮಾನ ಇಳಿಯುವುದಿಲ್ಲ, ಮೋಡದಲ್ಲೇ ಸುತ್ತುತ್ತದೆ. ಒಳಗೆ ಕೂತವರಿಗೆ ಸುಮ್ನೆ ಹೊತ್ತು ಕಳೆಯುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ಆ ಸುತ್ತಿಗೂ ಒಂದು ಲೆಕ್ಕವಿದೆ. ಅದಕ್ಕೆ ಹೋಲ್ಡಿಂಗ್ ಎನ್ನುತ್ತಾರೆ.

ಕಣದಲ್ಲಿ ಎತ್ತು ಮೇಟಿ ಸುತ್ತಿದ ಹಾಗೆ ಇದು ದುಂಡಗಿಲ್ಲ. ಓಟದ ಮೈದಾನದ ಟ್ರ್ಯಾಕ್‌ನಂತೆ ಉದ್ದಕ್ಕಿದೆ. ನಕ್ಷೆಯಲ್ಲಿ ಒಂದು ಜಾಗ ಗುರುತಾಗಿರುತ್ತದೆ, ಅದು ಫಿಕ್ಸ್. ಗೆರೆ ಹಿಡಿದು ಅದರ ಕಡೆಗೆ ಒಂದು ನಿಮಿಷ ಬರಬೇಕು. ಸಾಮಾನ್ಯವಾಗಿ ಬಲಕ್ಕೆ ತಿರುವು, ಸೆಕೆಂಡಿಗೆ 3 ಡಿಗ್ರಿಯಂತೆ ಒಂದು ನಿಮಿಷ. ಆಚೆ ಹೋಗಲು ಒಂದು, ಮತ್ತೆ ತಿರುಗಲು ಒಂದು. 14,000 ಅಡಿವರೆಗೆ ಇದೇ ನಿಯಮ. ಮೇಲೆ ಕೆಳಗೆ ಸಾವಿರ ಸಾವಿರ ಅಡಿ ಅಂತರದಲ್ಲಿ ಬೇರೆ ವಿಮಾನಗಳೂ ಕಾಯುತ್ತಿರಬಹುದು. ಪಕ್ಕಕ್ಕೆ ಜಾರುವ ಹಾಗಿಲ್ಲ.

ಆದರೆ ಅಡ್ಡಗಾಳಿ ಜಾರಿಸುತ್ತದೆ. ಒಂದು ಚಿಕ್ಕ ವಿಮಾನ ತೆಗೆದುಕೊಳ್ಳಿ. ವೇಗ 120 ನಾಟ್, ಅಂದರೆ ನಿಮಿಷಕ್ಕೆ 2 ನಾಟಿಕಲ್ ಮೈಲಿ. ಫಿಕ್ಸ್ ಕಡೆಗೆ ಪೂರ್ವಕ್ಕೆ ಬರುತ್ತಿದೆ. ದಕ್ಷಿಣದಿಂದ 20 ನಾಟ್ ಗಾಳಿ. ಮೂತಿಯನ್ನು ಸುಮಾರು 10 ಡಿಗ್ರಿ ಬಲಕ್ಕೆ, ಗಾಳಿಯ ಕಡೆಗೆ ಇಟ್ಟರೆ ಗೆರೆ ತಪ್ಪುವುದಿಲ್ಲ. ಗೆರೆಯಿಂದ ಸರಿದದ್ದನ್ನು ತೋರಿಸುವ ಸೂಜಿ ನೋಡುತ್ತ ಒಂದೆರಡು ಸುತ್ತಿನಲ್ಲಿ ಈ 10 ಸಿಗುತ್ತದೆ.

ಹೋಗುವಾಗಲೂ 10 ಇಟ್ಟರೆ ಸಾಲದು. ಎರಡು ತಿರುವುಗಳ ಎರಡು ನಿಮಿಷವೂ ಗಾಳಿ ತಳ್ಳುತ್ತಲೇ ಇರುತ್ತದೆ, ತಿರುಗುತ್ತಿರುವಾಗ ಅದನ್ನು ಸರಿಮಾಡಲು ಆಗುವುದಿಲ್ಲ. ಬರುವಾಗ ಗೆರೆಯ ಮೇಲೇ ಇರಬೇಕು, ಅಲ್ಲೂ ಸರಿಮಾಡುವಂತಿಲ್ಲ. ಹಾಗಾಗಿ ಎರಡು ತಿರುವು, ಆಚೆ ಹೋಗುವುದು ಸೇರಿ ಮೂರು ನಿಮಿಷದ ತಳ್ಳಾಟ, ಅಂದರೆ ಒಂದು ಮೈಲಿ, ಆಚೆ ಹೋಗುವ ಒಂದೇ ನಿಮಿಷದಲ್ಲಿ ತೀರಬೇಕು. ಅದಕ್ಕೇ ಮೂರು ಪಟ್ಟು, 30 ಡಿಗ್ರಿ. ದಿಕ್ಸೂಚಿಯಲ್ಲಿ ಪಶ್ಚಿಮ 270 ಡಿಗ್ರಿ, ಗಾಳಿ ಈಗ ಎಡಕ್ಕಿದೆ, ಹಾಗಾಗಿ ಮೂತಿ 240. ಗಾಳಿ ಜೋರಿದ್ದು ಮೂರು ಪಟ್ಟು ತೀರಾ ಜಾಸ್ತಿ ಅನ್ನಿಸಿದರೆ ಕೆಲವರು ಎರಡಕ್ಕೇ ನಿಲ್ಲಿಸುತ್ತಾರೆ. ನನಗೆ ಮೂರೇ ಇಷ್ಟ, ಲೆಕ್ಕ ಕೂಡಿಬರುತ್ತದೆ. ದೊಡ್ಡ ವಿಮಾನಗಳಲ್ಲಿ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ ಬಿಡಿ, ಕಲಿಯುವವರಿಗೆ ಮಾತ್ರ ಸ್ಟಾಪ್‌ವಾಚೇ ಗತಿ.

ಕಲಿಯುವಾಗ ನನಗೂ 'ಮೂರು ಪಟ್ಟು' ಬಾಯಿಪಾಠವಾಗಿತ್ತು. ಬರುವಾಗ ಬಲಕ್ಕೆ 10 ಇಟ್ಟಿದ್ದೆ. ಹೋಗುವಾಗಲೂ ಬಲಕ್ಕೇ 30 ಇಟ್ಟೆ. ತಿರುವು ಮುಗಿಸಿ ನೋಡಿದರೆ ಗೆರೆ ಎರಡು ಮೈಲಿ ಆಚೆ. ಪಕ್ಕದಲ್ಲಿದ್ದ ಮೇಷ್ಟ್ರು ಬೈಯಲಿಲ್ಲ. "ನೀನು ತಿರುಗಿದೆ, ಗಾಳಿ ತಿರುಗಲಿಲ್ಲ ಕಣಯ್ಯಾ," ಅಂದರು. ಸ್ಟಾಪ್‌ವಾಚನ್ನು ಸೊನ್ನೆಗೆ ತಂದು ಕೈಗಿತ್ತರು.