ಜೀಪಿನ ಸೈಲೆನ್ಸರ್: ಮಳೆ ಹಿಡಿಯುವ ಮೊದಲು

ಕೇಳುಗರಿಗೆ ನಮಸ್ಕಾರ.

ಮೇ ತಿಂಗಳ ಈ ಹೊತ್ತಿಗೆ ಕಾಫಿ ಕಣ ಖಾಲಿ. ರೋಬಸ್ಟಾ ಒಣಗಿ ಚೀಲ ಸೇರಿದೆ, ಮೆಣಸಿನ ಕೆಲಸವೂ ಹೆಚ್ಚುಕಡಿಮೆ ಮುಗಿದಿದೆ. ಗಾಡಿಯ ಅಡಿಗೆ ಮಲಗಿ ಕೆಲಸ ಮಾಡಲು ಕೊಡಗಿನಲ್ಲಿ ಸಿಮೆಂಟಿನ ಕಣಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಹಳೆಯ ಜೀಪಿನ ಸೈಲೆನ್ಸರನ್ನೂ ಅದರ ಪೈಪುಗಳನ್ನೂ ಮನೆಯಲ್ಲೇ ರಿಪೇರಿ ಮಾಡುವ ಬಗೆಯನ್ನು ಇವತ್ತು ಹೇಳುತ್ತೇನೆ. ಜೀಪು ಎಂದೆನಾದರೂ ಹಳೆಯ ಪಿಕಪ್ಪು, ವ್ಯಾನು, ಅಂಬಾಸಿಡರ್ ಯಾವುದಕ್ಕೂ ಇದೇ ಲೆಕ್ಕ.

ಮಳೆಗೆ ಮೊದಲೇ ಏಕೆ? ಸದ್ದಿನ ಕಾರಣಕ್ಕಲ್ಲ. ಮಳೆ ಹಿಡಿದ ಮೇಲೆ ಜೀಪಿನ ಟಾರ್ಪಾಲನ್ನು ಎರಡೂ ಪಕ್ಕಕ್ಕೆ ಇಳಿಬಿಟ್ಟು ಬಿಗಿಯಾಗಿ ಕಟ್ಟುತ್ತೇವೆ. ಬೇಸಿಗೆಯಲ್ಲಿ ಗಾಳಿಗೆ ಹಾರಿಹೋಗುತ್ತಿದ್ದ ಹೊಗೆ ಆಗ ಗೇರ್ ಲಿವರಿನ ಸಂದಿನಿಂದ, ಪೆಡಲಿನ ತೂತಿನಿಂದ, ತುಕ್ಕು ತಿಂದ ನೆಲದ ತಗಡಿನಿಂದ ಒಳಗೆ ಬಂದು ನಿಲ್ಲುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಹೆಚ್ಚು, ಡೀಸೆಲಿನಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳಿಗೆ ತಲೆನೋವು, ವಾಕರಿಕೆ ಬಂದರೆ ಸಂಪಾಜೆ ಘಾಟಿಯ ತಿರುವುಗಳ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತೇವೆ. ಒಮ್ಮೆ ಬಗ್ಗಿ ಗಾಡಿಯ ಅಡಿಯನ್ನೂ ನೋಡಬೇಕು.

ಸೈಲೆನ್ಸರ್ ತೂತಾದರೆ ಮಳೆ, ಕೆಸರು ಎಂದು ದೂರುವುದು ವಾಡಿಕೆ. ಅದು ಅರ್ಧ ನಿಜ. ಒಂದು ಲೀಟರ್ ಡೀಸೆಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಹೋದ ಗಾಡಿಯಲ್ಲಿ ಪೈಪು ಚೆನ್ನಾಗಿ ಕಾದು ಆವಿಯೆಲ್ಲ ಹೊರಗೆ ಹೋಗಿರುತ್ತದೆ. ತೋಟದ ಜೀಪಿನ ಪಾಡು ಬೇರೆ. ಮನೆಯಿಂದ ಕೆಲಸದವರ ಲೈನ್ ಮನೆ, ಅಲ್ಲಿಂದ ಕಣ, ಕಣದಿಂದ ಗೋದಾಮು, ಒಟ್ಟು ಎರಡು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಸೈಲೆನ್ಸರಿನ ಹೊಟ್ಟೆ 100 ಡಿಗ್ರಿ ಮುಟ್ಟುವುದೇ ಇಲ್ಲ. ಆವಿ ತಣಿದು ನೀರಾಗಿ ತಳದಲ್ಲಿ ನಿಲ್ಲುತ್ತದೆ. ಮಸಿಯೂ ಇಂಧನದ ಗಂಧಕವೂ ಸೇರಿ ಅದು ಹುಳಿ ನೀರಾಗುತ್ತದೆ. ಹಾಗಾಗಿ ತಗಡು ಒಳಗಿನಿಂದ ಹೊರಗೆ ಕೊಳೆಯುತ್ತಾ ಬರುತ್ತದೆ. ಹೊರಗೆ ಚಿಕ್ಕ ತೂತು ಕಂಡಿತೆಂದರೆ ಅದರ ಸುತ್ತ ಅಂಗೈಯಗಲ ತಗಡು ಹಪ್ಪಳವಾಗಿದೆ ಎಂದೇ ತಿಳಿಯಿರಿ. ಅಲ್ಲಿಗೆ ತೇಪೆ ಹಾಕಿದರೆ ತೇಪೆ ಉಳಿಯುತ್ತದೆ, ಪೈಪು ಉಳಿಯುವುದಿಲ್ಲ. ಗಟ್ಟಿ ತಗಡು ಎಲ್ಲಿಂದ ಶುರುವಾಗುತ್ತದೆ ಎಂದು ಮೊದಲು ಹುಡುಕಬೇಕು.

ಹುಡುಕುವುದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟು ಅಡಿಗೆ ನುಗ್ಗಬೇಡಿ. ಒಬ್ಬರು ಸ್ಟಾರ್ಟ್ ಮಾಡಲಿ. ಇನ್ನೊಬ್ಬರು ದಪ್ಪ ಚರ್ಮದ ಕೈಗವಸು ಹಾಕಿ, ಮಡಿಸಿದ ಒದ್ದೆ ಗೋಣಿಯನ್ನು ಹಿಂದಿನ ಪೈಪಿನ ಬಾಯಿಗೆ ನಾಲ್ಕೈದು ಸೆಕೆಂಡು ಒತ್ತಿಹಿಡಿಯಲಿ. ಪೈಪು ಸರಿಯಿದ್ದರೆ ಗೋಣಿಯನ್ನು ಬಲವಾಗಿ ತಳ್ಳುತ್ತದೆ, ಎಂಜಿನ್ ಕುಗ್ಗುತ್ತದೆ. ಸೋರಿಕೆಯಿದ್ದರೆ ಎಲ್ಲೋ ಮಧ್ಯದಲ್ಲಿ ಬುಸ್ ಎನ್ನುತ್ತದೆ. ಜೋಡಣೆಗಳ ಮೇಲೆ ಸೋಪು ನೀರು ಎರಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಡೀಸೆಲ್ ಗಾಡಿಯಲ್ಲಿ ಇದೂ ಬೇಡ, ಸೋರುವ ಕಡೆ ಕಾಡಿಗೆ ಬಳಿದ ಹಾಗೆ ಕಪ್ಪು ಗುರುತು ಇದ್ದೇ ಇರುತ್ತದೆ. ಇನ್ನೊಂದು ಲಕ್ಷಣ: ತಣ್ಣಗಿರುವಾಗ ಬಾನೆಟ್ಟಿನ ಒಳಗೆ ಟಿಕ್ ಟಿಕ್ ಎಂದು, ಕಾದ ಮೇಲೆ ನಿಂತುಹೋಗುವ ಸದ್ದು. ಅದು ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಪೈಪಿಗೆ ಬಿಡುವ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸೋರುವುದು, ಇಲ್ಲವೇ ಮ್ಯಾನಿಫೋಲ್ಡಿನಲ್ಲೇ ಕೂದಲೆಳೆಯ ಬಿರುಕು. ಕಬ್ಬಿಣ ಕಾದು ಹಿಗ್ಗಿದಾಗ ಮುಚ್ಚಿಕೊಳ್ಳುತ್ತದೆ. ವಾಲ್ವಿನ ಟ್ಯಾಪೆಟ್ ಸದ್ದೆಂದು ಅದನ್ನು ಸುಮ್ಮನೆ ಬಿಡುವವರೇ ಹೆಚ್ಚು.

ಎಂಜಿನ್ ನಿಲ್ಲಿಸಿ, ಪೈಪು ಪೂರ್ತಿ ತಣಿದ ಮೇಲೆ ಸಣ್ಣ ಸುತ್ತಿಗೆಯಿಂದ ಮುಂದಿನಿಂದ ಹಿಂದಕ್ಕೆ ಇಂಚಿಂಚಿಗೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ಒಡೆದ ಮಡಕೆಯ ಹಾಗೆ ಬೊದ್ದಾಗಿ ಕೇಳುತ್ತದೆ. ಅನುಮಾನವಿದ್ದಲ್ಲಿ ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ, ಇಳಿದರೆ ಅಲ್ಲಿಗೆ ಮುಗಿಯಿತು. ಗಟ್ಟಿ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಕಣ್ಣಿಗೆ ಕನ್ನಡಕ ಬೇಕೇಬೇಕು. ತುಕ್ಕಿನ ಹುಡಿ ಉದುರುವುದು ನೇರ ಮುಖದ ಮೇಲೆ.

ಗಾಡಿ ಎತ್ತುವಾಗ ಜಾಕನ್ನು ನಂಬಿ ಅಡಿಗೆ ಹೋಗಬೇಡಿ. ಎರಡು ಆಕ್ಸಲ್ ಸ್ಟ್ಯಾಂಡ್ ಬೇಕು, ಎತ್ತದ ಚಕ್ರಗಳ ಹಿಂದೆಮುಂದೆ ಮರದ ಬೆಣೆ ಬೇಕು. ಮುರಕಲ್ಲು, ಹಾಲೋ ಬ್ಲಾಕು ಒತ್ತಡಕ್ಕೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಕಣವಿಲ್ಲದೆ ಮಣ್ಣಿನಂಗಳದಲ್ಲೇ ಮಾಡುವವರು ಸ್ಟ್ಯಾಂಡಿನ ಕೆಳಗೆ 2 ಇಂಚು ದಪ್ಪದ, ಒಂದಡಿ ಚೌಕದ ಹಲಗೆ ಇಡಿ.

ಈಗ ನಟ್ಟಿನ ವಿಷಯ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೊತ್ತು ಹೋಗುವುದು ಇಲ್ಲೇ. ಮ್ಯಾನಿಫೋಲ್ಡಿಗೆ ಮುಂದಿನ ಪೈಪು ಕೂಡುವ ಚಪ್ಪಟೆ ಅಂಚಿನಲ್ಲಿ, ಅಂದರೆ ಫ್ಲ್ಯಾಂಜಿನಲ್ಲಿ, ಎರಡೋ ಮೂರೋ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಇರುತ್ತವೆ. ವರ್ಷಗಟ್ಟಲೆ ಕಾದು ತಣಿದು ನಟ್ಟೂ ಸ್ಟಡ್ಡೂ ಒಂದೇ ಲೋಹವಾದಂತಿರುತ್ತವೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನ ಸಂಜೆ ಒಮ್ಮೆ, ಮಲಗುವ ಮೊದಲು ಒಮ್ಮೆ ಬಿಡಿ. ಅಂಗಡಿಯ ಎಣ್ಣೆ ಸಿಗದಿದ್ದರೆ ಪವರ್ ಸ್ಟಿಯರಿಂಗಿಗೆ ಹಾಕುವ ಎಟಿಎಫ್ ಎಣ್ಣೆ, ಅಸಿಟೋನ್ ಎರಡನ್ನೂ ಸಮಪಾಲು ಬೆರೆಸಿ ಬಳಸಬಹುದು. ಬೆಂಕಿಯಿಂದ ದೂರವಿಡಿ, ಪ್ರತಿಸಲ ಅಲುಗಾಡಿಸಿ ಬಿಡಿ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕಿ, ಹನ್ನೆರಡು ಮೂಲೆಯದ್ದು ನಟ್ಟಿನ ತಲೆ ಸವರಿಬಿಡುತ್ತದೆ. ಮೊದಲು ಬಿಚ್ಚಬೇಡಿ, ಕೂದಲೆಳೆಯಷ್ಟು ಬಿಗಿಯಿರಿ. ಟಕ್ ಎಂದು ತುಕ್ಕು ಒಡೆದ ಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ವಾಪಸ್ ತಿರುಗಿಸಿ, ಮತ್ತೆ ಎಣ್ಣೆ. ಹೀಗೆ ಹಿಂದೆಮುಂದೆ ಆಡಿಸುತ್ತಾ ಬಂದರೆ ಬರುತ್ತದೆ. ಗಡಿಬಿಡಿಯಲ್ಲಿ ಉದ್ದ ಪೈಪು ಸಿಕ್ಕಿಸಿ ಎಳೆದರೆ ಸ್ಟಡ್ಡೇ ಮುರಿದು ಕೈಗೆ ಬರುತ್ತದೆ.

ಮುರಿದರೆ? ಮೊಂಡು ಹೊರಗೆ ಉಳಿದಿದ್ದರೆ, ಅದರ ತಿರುಪಿನ ಎಳೆ ಚೆನ್ನಾಗಿದ್ದರೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು ಒಳಗಿನ ನಟ್ಟನ್ನು ತಿರುಗಿಸಿ. ಸಮಕ್ಕೆ ಮುರಿದಿದ್ದರೆ ನಟ್ಟನಡುವೆ ಪಂಚ್ ಗುರುತು ಹಾಕಿ ಸಣ್ಣ ಬಿಟ್ಟಿನಿಂದ ಶುರುಮಾಡಿ ಡ್ರಿಲ್ ಮಾಡಬೇಕು. ಬರೆದುಕೊಳ್ಳುವವರು ಪೆನ್ನು ತೆಗೆದುಕೊಳ್ಳಿ: 8 ಮಿಲಿಮೀಟರಿನ ಸಾಮಾನ್ಯ ಎಳೆಗೆ ಟ್ಯಾಪ್ ಹಾಕಿ ಹೊಸ ಎಳೆ ಕೊರೆಯುವ ಮುನ್ನಿನ ತೂತು 6.8 ಮಿಲಿಮೀಟರ್, 10 ಮಿಲಿಮೀಟರಿನದ್ದಾದರೆ 8.5. ಆದರೆ ಹಳೆಯ ಪೆಟ್ರೋಲ್ ಜೀಪುಗಳು ಅಮೆರಿಕದ ವಿಲ್ಲಿಸ್ ಜೀಪಿನ ವಂಶದವು, ಅವುಗಳಲ್ಲಿ ಇಂಚಿನ ಎಳೆ ಇರುತ್ತದೆ. ಮೂರು ಸುತ್ತು ಕೈಯಲ್ಲೇ ಸಲೀಸಾಗಿ ಹೋಗದ ನಟ್ಟನ್ನು ಪಾನಾ ಹಿಡಿದು ಒತ್ತಾಯಿಸಬೇಡಿ. ಹೊಸದಾಗಿ ಹಾಕುವಾಗ ಹಿತ್ತಾಳೆಯ ನಟ್ಟು ಕೇಳಿ. ಅದು ಉಕ್ಕಿನ ಸ್ಟಡ್ಡಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಗ್ಯಾಸ್ ಟಾರ್ಚಿನಿಂದ ಕಾಯಿಸಿ ಬಿಚ್ಚುವುದೂ ಉಂಟು. ಪಕ್ಕದಲ್ಲಿ ಡೀಸೆಲ್ ಪೈಪು, ಬ್ರೇಕ್ ಹೋಸು ಇರುವ ಗಾಡಿಯಲ್ಲಿ, ಅದೂ ಎಣ್ಣೆ ಬಿಟ್ಟ ಮೇಲೆ, ಮನೆಯಲ್ಲಿ ಆ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಫ್ಲ್ಯಾಂಜು ಬಿಚ್ಚಿದಾಗ ಹಳೆಯ ಪ್ಯಾಕಿಂಗನ್ನು ಒಣಗಿದ್ದ ಹಾಗೇ ಕೆರೆಯಬೇಡಿ. ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ನೀರು ಚಿಮುಕಿಸಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಹೂಳಿ. ಫ್ಲ್ಯಾಂಜಿನ ಮುಖಕ್ಕೆ ಉಕ್ಕಿನ ಸ್ಕೇಲು ಅಡ್ಡ ಹಿಡಿದು ಬೆಳಕಿಗೆ ನೋಡಿ. ಎರಡು ಬೋಲ್ಟಿನ ಫ್ಲ್ಯಾಂಜು ಅತಿ ಬಿಗಿತಕ್ಕೆ ಎರಡೂ ಕಿವಿ ಬಾಗಿ ನಡುವೆ ಉಬ್ಬಿರುತ್ತದೆ. ಹಾಗಿದ್ದರೆ ಅರದಿಂದ ಉಜ್ಜಿ ಸಮ ಮಾಡದೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಸೋರುತ್ತದೆ.

ಪೈಪಿನ ಕೊಳೆತ ತುಂಡು ಬದಲಿಸಲು ಅಳತೆ ಬೇಕು. ಕ್ಯಾಲಿಪರ್ ಇಲ್ಲದಿದ್ದರೆ ಒಂದು ದಾರ ಸಾಕು. ಪೈಪಿನ ಸುತ್ತ ಒಂದು ಸುತ್ತು ಹಾಕಿ, ಉದ್ದವನ್ನು 3.14ರಿಂದ ಭಾಗಿಸಿ. 141 ಮಿಲಿಮೀಟರ್ ಬಂದರೆ ಹೊರವ್ಯಾಸ 45, 160 ಬಂದರೆ 51. ಅದರ ಮೇಲೆ ತೋಳಿನ ಹಾಗೆ ತೊಡಿಸುವ ಪೈಪಿನ ಒಳವ್ಯಾಸ ಅರ್ಧದಿಂದ ಒಂದು ಮಿಲಿಮೀಟರ್ ಮಾತ್ರ ಹೆಚ್ಚಿರಲಿ, ತಗಡು 16 ಗೇಜು. ಗಟ್ಟಿ ಜಾಗದ ಮೇಲೆ ಎರಡೂ ಕಡೆ ಕನಿಷ್ಠ 40 ಮಿಲಿಮೀಟರ್ ಹತ್ತಿ ಕೂರಬೇಕು. ತೋಳಿನ ಎರಡೂ ತುದಿಯಲ್ಲಿ ಗರಗಸದಿಂದ ಎದುರುಬದುರು ಒಂದಿಂಚು ಸೀಳಿ, ಆಗ ಯು ಕ್ಲ್ಯಾಂಪ್ ಬಿಗಿದಾಗ ಅದು ಮುದುಡಿ ಹಿಡಿಯುತ್ತದೆ. ಒಳಪೈಪಿಗೆ ಎಮರಿ ಉಜ್ಜಿ, ಸೈಲೆನ್ಸರ್ ಪೇಸ್ಟ್ ತೆಳ್ಳಗೆ ಬಳಿದು ತೊಡಿಸಿ. ಸೀಳಿನ ತುದಿ ಒಳಪೈಪಿನ ಅಂಚನ್ನು ದಾಟಿರಬಾರದು, ದಾಟಿದರೆ ಅಲ್ಲಿಂದಲೇ ಸೋರುತ್ತದೆ. ಒಂದು ಪೈಪು ಇನ್ನೊಂದರೊಳಗೆ ಹೋಗುವ ಕಡೆ, ಎಂಜಿನ್ ಕಡೆಯದ್ದು ಹಿಂದಿನದರ ಒಳಗೆ ಹೋಗಲಿ.

ತೋಟದಲ್ಲಿ ಬಿದ್ದಿರುವ ಸಾಮಾನಿನ ಮೇಲೆ ಕಣ್ಣು ಬೀಳುವುದು ಸಹಜ. ಸತು ಲೇಪದ, ನೀರಿನ ಜಿಐ ಪೈಪು ಬೇಡ. ಅದಕ್ಕೆ ವೆಲ್ಡಿಂಗ್ ತಾಗಿದರೆ ಸತುವಿನ ಬಿಳಿ ಹೊಗೆ ಎದ್ದು, ಅದನ್ನು ಉಸಿರಾಡಿದವರಿಗೆ ಸಂಜೆಗೆ ಚಳಿಜ್ವರ. ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪೂ ಬೇಡ; ಬಿಸಿಗೆ ಮೆತ್ತಗಾಗಿ ಕ್ಲ್ಯಾಂಪಿನ ಕೆಳಗೆ ಸಡಿಲವಾಗುತ್ತದೆ. ಎರಡು ಟ್ಯೂಬಿನ ಪುಟ್ಟಿ ಅಂಟು ಟ್ಯಾಂಕಿಗೆ ಸರಿ, ಇಲ್ಲಿ ಒಂದು ವಾರದ ಮಾತು. ವೆಲ್ಡಿಂಗ್ ಮಾಡಿಸುವುದಾದರೆ ಗಾಡಿಯಲ್ಲೇ ಜೋಡಿಸಿ ಗುರುತು ಹಾಕಿ, ಕಳಚಿ ಅಂಗಡಿಗೆ ಒಯ್ಯಿರಿ. ಗಾಡಿಯ ಮೇಲೆಯೇ ಮಾಡಬೇಕಾಗಿ ಬಂದರೆ ಬ್ಯಾಟರಿಯ ಎರಡೂ ವಯರು ಕಳಚಿರಲಿ, ಇಲ್ಲವಾದರೆ ಆಲ್ಟರ್ನೇಟರಿನ ಡಯೋಡು ಸುಡುತ್ತದೆ.

ಸೈಲೆನ್ಸರ್ ಡಬ್ಬವೇ ಕೊಳೆತಿದ್ದರೆ ರಿಪೇರಿಗೆ ಕೂರಬೇಡಿ, ಬದಲಿಸಿ. ತಟ್ಟಿದಾಗ ಒಳಗೆ ಗಲಗಲ ಎಂದರೆ ಅಡ್ಡತಗಡು ಕಳಚಿದೆ. ಅದು ದಾರಿಗೆ ಅಡ್ಡ ಬಿದ್ದರೆ ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಡೀಸೆಲ್ ಪಂಪಿನ ಮೇಲೆ ಅನುಮಾನಪಟ್ಟು ದುಡ್ಡು ಸುರಿಯುತ್ತೇವೆ. ಅಲ್ಯೂಮಿನಿಯಂ ಲೇಪದ ತಗಡಿನ ಸೈಲೆನ್ಸರ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ತನ್ನಿ. ಹೊಸದರ ತಳದಲ್ಲಿ ನೀರಿಳಿಯುವ ಸಣ್ಣ ತೂತು ಇದೆಯೇ ನೋಡಿ. ಇಲ್ಲವಾದರೆ ಹಾಕಿದಾಗ ಎಲ್ಲಕ್ಕಿಂತ ತಗ್ಗಿಗೆ ಬರುವ ಜಾಗದಲ್ಲಿ 3 ಮಿಲಿಮೀಟರಿನ ಒಂದೇ ಒಂದು ತೂತು ಕೊರೆಯಿರಿ. ಈ ತೂತು ಮಸಿ, ಕೆಸರು ಕಟ್ಟಿ ಮುಚ್ಚಿದರೆ ಮೊದಲಿನ ಕತೆಯೇ. ತಿಂಗಳಿಗೊಮ್ಮೆ ತಂತಿ ಆಡಿಸಿ. ಡಬ್ಬವನ್ನೇ ತೆಗೆದು ನೇರ ಪೈಪು ಹಾಕುವವರಿಗೆ ಒಂದು ಮಾತು: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈಲೆನ್ಸರ್ ಇರಲೇಬೇಕು. ತೋಟದ ಆನೆಯನ್ನು ಓಡಿಸಲು ಅದು ಉಪಾಯವೂ ಅಲ್ಲ.

ಹೊಸ ಪೈಪು ಆರೇ ತಿಂಗಳಿಗೆ ಮುರಿಯಿತು ಎನ್ನುವವರ ಗಾಡಿಯಲ್ಲಿ ನೋಡಬೇಕಾದ್ದು ಪೈಪನ್ನು ಚಾಸಿಗೆ ತೂಗುಹಾಕುವ ರಬ್ಬರಿನ ಹ್ಯಾಂಗರ್. ಎಂಜಿನ್ ರಬ್ಬರಿನ ಮೇಲೆ ಕೂತು ಓಲಾಡುತ್ತದೆ, ಚಾಸಿ ಓಲಾಡುವುದಿಲ್ಲ. ಎರಡಕ್ಕೂ ಕಟ್ಟಿದ ಪೈಪು ಆಡಲು ಸಡಿಲ ಬೇಕು. ಅಲ್ಲದೆ ಎರಡೂವರೆ ಮೀಟರ್ ಉದ್ದದ ಉಕ್ಕಿನ ಪೈಪು 250 ಡಿಗ್ರಿ ಕಾದರೆ 7 ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಹರಿದ ರಬ್ಬರಿನ ಬದಲು ಬೈಂಡಿಂಗ್ ವಯರಿನಿಂದ ಬಿಗಿದು ಕಟ್ಟಿದರೆ ಆ ಎಳೆತವೆಲ್ಲ ಮುಂದಿನ ಫ್ಲ್ಯಾಂಜಿನ ಕುತ್ತಿಗೆಗೆ ಬಂದು ಅಲ್ಲೇ ಸೀಳುತ್ತದೆ. ಅಂಗಡಿಯ ರಬ್ಬರು ಸಿಗದಿದ್ದರೆ ಹಳೆಯ ನೈಲಾನ್ ಟಯರಿನ ಪಕ್ಕೆಯಿಂದ ಒಂದೂವರೆ ಇಂಚು ಅಗಲ, ಐದಿಂಚು ಉದ್ದದ ಪಟ್ಟಿ ಕತ್ತರಿಸಿ. ಎರಡೂ ತುದಿಗೆ ತೂತು ಹಾಕಿ, ದೊಡ್ಡ ವಾಶರ್ ಕೊಟ್ಟು 8 ಮಿಲಿಮೀಟರ್ ಬೋಲ್ಟಿನಲ್ಲಿ ಕಟ್ಟಿ. ನೋಡಲು ಒರಟು, ಬಾಳಿಕೆಗೆ ಮೋಸವಿಲ್ಲ.

ಜೋಡಿಸುವಾಗ ಯಾವುದನ್ನೂ ಮೊದಲೇ ಬಿಗಿಯಬೇಡಿ. ಎಲ್ಲವನ್ನೂ ಸಡಿಲವಾಗಿ ತೂಗುಹಾಕಿ, ಬ್ರೇಕ್ ಪೈಪು, ಡೀಸೆಲ್ ಹೋಸು, ಪ್ರೊಪೆಲರ್ ಶಾಫ್ಟಿನಿಂದ ಒಂದಿಂಚಾದರೂ ದೂರ ಇದೆಯೇ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. 8 ಮಿಲಿಮೀಟರ್ ನಟ್ಟಿಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು. ಒಂದಡಿ ಉದ್ದದ ಹಿಡಿಯ ತುದಿಗೆ ಏಳೆಂಟು ಕಿಲೋ ಭಾರ ಬಿದ್ದಷ್ಟು. ಹಿಂದಿನ ಪೈಪಿನ ಬಾಯಿ ಬಾಡಿಯ ಅಂಚಿನಿಂದ 2 ಇಂಚು ಹೊರಗಿರಲಿ. ನೆಲದ ತಗಡಿನ ತೂತು, ಗೇರ್ ಲಿವರಿನ ಹರಿದ ರಬ್ಬರು ಇದೇ ದಿನ ಮುಚ್ಚಿಬಿಡಿ.

ಹತ್ತು ನಿಮಿಷ ಐಡಲಿನಲ್ಲಿ ಓಡಿಸಿದರೆ ಪೇಸ್ಟ್ ಗಟ್ಟಿಯಾಗುತ್ತದೆ. ಮೊದಲ ದಿನ ಎಣ್ಣೆ ಸುಟ್ಟ ಹೊಗೆ ಬಂದರೆ ಗಾಬರಿ ಬೇಡ. ತಣಿದ ಮೇಲೆ ಎಲ್ಲ ನಟ್ಟನ್ನು ಇನ್ನೊಮ್ಮೆ ಮುಟ್ಟಿ, 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ. ಮರುದಿನ ಬೆಳಿಗ್ಗೆ ಗೋಣಿಯ ಪರೀಕ್ಷೆ ಮತ್ತೆ ಮಾಡಿ. ವಾರಕ್ಕೊಮ್ಮೆ ಸಂತೆಗೋ ಪೇಟೆಗೋ ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ ಹೊಟ್ಟೆಯ ನೀರು ಒಣಗುತ್ತದೆ.

ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆಯಲ್ಲಿ ಗಾಡಿ ಶೆಡ್ಡಿನಲ್ಲೇ ನಿಲ್ಲುವುದಾದರೆ ಹಿಂದಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಇಲ್ಲವಾದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಬಟ್ಟೆ ತುರುಕಿದ್ದು ಮರೆಯದಂತೆ ಸ್ಟಿಯರಿಂಗಿಗೆ ಒಂದು ಕೆಂಪು ಚಿಂದಿ ಕಟ್ಟಿ, ಸೆಪ್ಟೆಂಬರಿನ ಕೈಲ್ ಮುಹೂರ್ತದ ಆಯುಧ ಪೂಜೆಗೆ ಗಾಡಿ ತೊಳೆದು ಹೂ ಮುಡಿಸುವ ದಿನ ಎರಡನ್ನೂ ಒಟ್ಟಿಗೆ ಬಿಚ್ಚಿ. ನಮಸ್ಕಾರ.