ಬೀಜವಿಲ್ಲದ ದ್ರಾಕ್ಷಿ ದಪ್ಪಗಾಗುವುದು ಹೇಗೆ?

[ದೃಶ್ಯ: ಎಳೆ ಗೊಂಚಲನ್ನು ಮಗ್ಗಿನಲ್ಲಿ ಅದ್ದುತ್ತಿರುವ ಕೈ]

ನಮಸ್ಕಾರ. ವಿಜಯಪುರದ ಕಡೆ ದ್ರಾಕ್ಷಿ ತೋಟಗಳಲ್ಲಿ ಗೊಂಚಲನ್ನು ಹೀಗೆ ಒಂದೊಂದಾಗಿ ಅದ್ದುತ್ತಾರೆ. ರೈತರ ಬಾಯಲ್ಲಿ ಇದು 'ಜಿಎ ಡಿಪ್ಪಿಂಗ್'. ಮಗ್ಗಿನಲ್ಲಿರೋದು ವಿಷಾನಾ ಅಂತ ತುಂಬಾ ಜನ ಕೇಳಿದ್ದೀರಿ. ಅಲ್ಲ, ಅದು ಜಿಬ್ಬರೆಲಿನ್, ಚಿಕ್ಕದಾಗಿ ಜಿಎ. ಗಿಡಗಳು ತಾವೇ ತಯಾರಿಸಿಕೊಳ್ಳುವ ಹಾರ್ಮೋನು.

ಆದರೆ ಇದು ಮೊದಲು ಸಿಕ್ಕಿದ್ದು ಗಿಡದಲ್ಲಲ್ಲ, ಒಂದು ಶಿಲೀಂಧ್ರದಲ್ಲಿ! ಜಪಾನಿನ ಗದ್ದೆಗಳಲ್ಲಿ ಕೆಲವು ಭತ್ತದ ಸಸಿಗಳು ಪಕ್ಕದವನ್ನೆಲ್ಲ ಮೀರಿ ಸರ್ರನೆ ಉದ್ದವಾಗುತ್ತಿದ್ದವು. ಬಣ್ಣ ಪೇಲವ, ಕಾಂಡ ಸಣಕಲು. ಎಷ್ಟೋ ಸಸಿಗಳು ತೆನೆ ಕಟ್ಟುವ ಮೊದಲೇ ಸಾಯುತ್ತಿದ್ದವು. ಅಲ್ಲಿಯವರು ಇದನ್ನು 'ಪೆದ್ದು ಸಸಿ' ರೋಗ ಅಂದರು. ಇದಕ್ಕೆ ಕಾರಣ ಆ ಶಿಲೀಂಧ್ರ. 1926ರಲ್ಲಿ ಜಪಾನಿನ ವಿಜ್ಞಾನಿ ಎಯಿಚಿ ಕುರೋಸಾವಾ ಆ ಶಿಲೀಂಧ್ರ ಬೆಳೆದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಆ ನೀರನ್ನು ಆರೋಗ್ಯವಂತ ಸಸಿಗಳಿಗೆ ಕೊಟ್ಟರು. ಅವೂ ಹಾಗೇ ಉದ್ದವಾದವು! ಅಂದರೆ ಸಸಿಯನ್ನು ಎಳೆಯುತ್ತಿದ್ದದ್ದು ಶಿಲೀಂಧ್ರ ಹೊರಬಿಟ್ಟ ಒಂದು ರಾಸಾಯನಿಕ. 1935ರಲ್ಲಿ ಇನ್ನೊಬ್ಬ ಜಪಾನಿ ವಿಜ್ಞಾನಿ ತೇಜಿರೋ ಯಾಬುತಾ ಅದಕ್ಕೆ ಜಿಬ್ಬರೆಲಿನ್ ಅಂತ ಹೆಸರಿಟ್ಟರು. ಗಿಡಗಳೂ ಇದನ್ನು ತಯಾರಿಸುತ್ತವೆ ಅನ್ನೋದು ಗೊತ್ತಾಗಿದ್ದು ಆಮೇಲೆ. ನನಗಂತೂ ಇದಕ್ಕಿಂತ ಚೆಂದದ ಪ್ರಯೋಗ ಇನ್ನೊಂದಿಲ್ಲ. ಬರೀ ಸೋಸಿದ ನೀರು, ಅಷ್ಟೇ!

[ದೃಶ್ಯ: ಜೀವಕೋಶದ ಆ್ಯನಿಮೇಶನ್]

ಒಳಗೆ ನಡೆಯೋದು ಇಷ್ಟು. ಜೀವಕೋಶದಲ್ಲಿ ಡೆಲ್ಲಾ ಎಂಬ ಪ್ರೋಟೀನುಗಳಿವೆ. ಇವು ಬೆಳವಣಿಗೆಗೆ ಬ್ರೇಕ್. ಜಿಬ್ಬರೆಲಿನ್ ಬಂದರೆ ಡೆಲ್ಲಾ ನಾಶವಾಗುತ್ತದೆ, ಕೋಶ ಉದ್ದವಾಗುತ್ತದೆ. ಹಸಿರು ಕ್ರಾಂತಿಯ ಗಿಡ್ಡ ಗೋಧಿಯಲ್ಲಿ ಈ ಬ್ರೇಕ್ ಸುಲಭಕ್ಕೆ ಬಿಡೋದಿಲ್ಲ. 1966ರ ಐಆರ್-8 ಭತ್ತದಲ್ಲಿ ಜಿಬ್ಬರೆಲಿನ್ ತಯಾರಾಗೋದೇ ಕಡಿಮೆ. ಗಿಡ ಗಿಡ್ಡ, ಹಾಗಾಗಿ ಜಾಸ್ತಿ ಗೊಬ್ಬರ ಹಾಕಿ ತೆನೆ ತೂಗಿದರೂ ಸುಲಭಕ್ಕೆ ಮಲಗೋದಿಲ್ಲ.

    

ಈಗ ದ್ರಾಕ್ಷಿ. ಹಣ್ಣು ದಪ್ಪಗಾಗಲು ಬೇಕಾದ ಜಿಬ್ಬರೆಲಿನ್ ಹೆಚ್ಚಾಗಿ ಬರೋದು ಬೀಜದಿಂದ. ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ತಳಿಯಲ್ಲಿ ಬೀಜ ಎಳೆಯದರಲ್ಲೇ ಮುರುಟಿಹೋಗುತ್ತದೆ. ಸುಮ್ನೆ ಬಿಟ್ಟರೆ ದ್ರಾಕ್ಷಿ ಕಾಳು ಸಣ್ಣದಾಗೇ ಉಳಿಯುತ್ತದೆ. ಆ ಕೊರತೆ ತುಂಬೋದೇ ಈ ಮಗ್ಗು. ಅದರಲ್ಲಿರುವ ಜಿಬ್ಬರೆಲಿನ್ ಇವತ್ತಿಗೂ ತಯಾರಾಗೋದು ಪೆದ್ದು ಸಸಿಯ ಶಿಲೀಂಧ್ರದಿಂದಲೇ! ಹಾಗಂತ ಪ್ರಮಾಣ ಮೀರಬಾರದು. ಹೆಚ್ಚಾದರೆ ಗೊಂಚಲಿನ ತೊಟ್ಟು ದಪ್ಪಗಾಗಿ ಗಡುಸಾಗುತ್ತದೆ, ಕಾಳು ಉದುರುತ್ತವೆ.