ಕೃಪಾವರವನ್ನು ಎಲ್ಲಿ ಹುಡುಕಬೇಕು?

ಸಹೋದರ ಸಹೋದರಿಯರೇ,

‘ವರ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸಿನಲ್ಲಿ ಏಳುವುದು ಪುರಾಣದ ಚಿತ್ರ. ಒಬ್ಬಾತ ವರ್ಷಗಟ್ಟಲೆ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡುತ್ತಾನೆ, ದೇವರು ಮೆಚ್ಚಿ ಪ್ರತ್ಯಕ್ಷನಾಗುತ್ತಾನೆ, ಬೇಡಿದ್ದನ್ನು ಕೊಟ್ಟು ಮರೆಯಾಗುತ್ತಾನೆ. ಆ ವರ ತಪಸ್ಸಿಗೆ ಸಂದ ಕೂಲಿ, ಆದ್ದರಿಂದ ಪಡೆದವನ ಸ್ವಂತ ಸೊತ್ತು; ಭಸ್ಮಾಸುರನಂತೆ ಅದನ್ನು ಕೊಟ್ಟವನ ತಲೆಯ ಮೇಲೆಯೇ ಪ್ರಯೋಗಿಸಲು ಹೊರಟರೂ ಕೇಳುವವರಿಲ್ಲ. ಆತ್ಮಿಕ ವರಗಳ ಕುರಿತು ನಾವು ಮಾತನಾಡುವಾಗಲೂ ಈ ಚಿತ್ರ ನಮಗೆ ತಿಳಿಯದಂತೆ ಒಳಗೆ ನುಸುಳಿರುತ್ತದೆ. ಇಂಥವರು ಇಷ್ಟು ದಿನ ಉಪವಾಸವಿದ್ದರು, ಅದಕ್ಕೇ ಅವರಿಗೆ ಸ್ವಸ್ಥಪಡಿಸುವ ವರ ಸಿಕ್ಕಿತು ಎಂದು ನಾವು ಆಡಿಕೊಳ್ಳುವುದುಂಟು. ಅಪೊಸ್ತಲನಾದ ಪೌಲನು ಸಭೆಗಳಿಗೆ ಬರೆದ ಪತ್ರಿಕೆಗಳಲ್ಲಿ ಇದಕ್ಕೆ ಬಳಸಿದ ಗ್ರೀಕ್ ಪದ ‘ಖಾರಿಸ್ಮಾ’; ಅದು ಹುಟ್ಟಿರುವುದು ಕೃಪೆ ಎಂಬ ಅರ್ಥದ ‘ಖಾರಿಸ್’ ಎಂಬ ಪದದಿಂದ. ಯಾವ ಯೋಗ್ಯತೆಯನ್ನೂ ಲೆಕ್ಕ ಹಾಕದೆ ಕೊಟ್ಟದ್ದು ಎಂಬುದು ಆ ಪದದ ಮೈಯಲ್ಲೇ ಇದೆ. ನಮ್ಮ ಸಭೆಗಳಲ್ಲಿ ರೂಢಿಯಲ್ಲಿರುವ ‘ಕೃಪಾವರ’ ಎಂಬ ಜೋಡುಪದ ಹಾಗಾಗಿ ಬಹಳ ಸರಿಯಾದದ್ದು. ‘ವರ’ದ ಹಿಂದೆ ‘ಕೃಪೆ’ ನಿಂತು ಅದನ್ನು ತಪಸ್ಸಿನ ಲೆಕ್ಕದಿಂದ ಬಿಡಿಸುತ್ತದೆ.

ಈ ಬಿಡುಗಡೆ ಎಷ್ಟು ಅಗತ್ಯವೆಂಬುದು ಕೊರಿಂಥದ ಸಭೆಯನ್ನು ನೋಡಿದರೆ ತಿಳಿಯುತ್ತದೆ. ಪೌಲನು ಸುಮಾರು ಕ್ರಿ.ಶ. 54 ಅಥವಾ 55ರಲ್ಲಿ ಎಫೆಸದಿಂದ ಅವರಿಗೆ ಬರೆದ ಮೊದಲನೆಯ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ, ಅವರಿಗೆ ಯಾವ ವರದಲ್ಲಿಯೂ ಕೊರತೆಯಿಲ್ಲವೆಂದು ದೇವರಿಗೆ ಸ್ತೋತ್ರ ಸಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ, ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಅವರು ಬಣ ಕಟ್ಟಿಕೊಂಡಿರುವುದನ್ನು ಖಂಡಿಸುತ್ತಾನೆ. ಮೂರನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅವರನ್ನು ಕ್ರಿಸ್ತನಲ್ಲಿ ಇನ್ನೂ ಎಳೆಕೂಸುಗಳೆಂದು ಕರೆದುಬಿಡುತ್ತಾನೆ. ಹನ್ನೊಂದರಲ್ಲಿ, ಕರ್ತನ ಭೋಜನಕ್ಕೆಂದು ಕೂಡಿದಾಗ ಒಬ್ಬನು ಹಸಿದಿರುವಾಗಲೇ ಮತ್ತೊಬ್ಬನು ಕುಡಿದು ಮತ್ತನಾಗಿರುತ್ತಾನೆ ಎಂಬ ದೂರು. ವರಗಳು ತುಂಬಿ ತುಳುಕುತ್ತಿದ್ದ ಸಭೆಯ ಸ್ಥಿತಿ ಇದು. ಅಂದಮೇಲೆ ಒಬ್ಬನಲ್ಲಿ ವರವಿದೆ ಎಂಬುದರಿಂದ ಅವನು ಪಕ್ವವಾದ ವಿಶ್ವಾಸಿ ಎಂದು ತೀರ್ಮಾನಿಸಲು ಆಧಾರವಿಲ್ಲ. ಪಕ್ವತೆಯನ್ನು ಅಳೆಯಬೇಕಾದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿರುವ ಆತ್ಮದ ಫಲವನ್ನು ನೋಡಬೇಕು: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಇತ್ಯಾದಿ. ವರ ಒಂದೇ ಗಳಿಗೆಯಲ್ಲಿ ಕೈಗೆ ಬರಬಹುದು. ಫಲ ಕಾಲ ತೆಗೆದುಕೊಂಡು ಬೆಳೆಯುತ್ತದೆ. ವೇದಿಕೆಯ ಮೇಲಿನ ವರವನ್ನು ಕಂಡು ಮನೆಯೊಳಗಿನ ಫಲವನ್ನು ವಿಚಾರಿಸದೆ ಮೋಸಹೋದ ಸಭೆಗಳ ಕಥೆ ನಿಮಗೂ ಗೊತ್ತಿದೆ, ನನಗೂ ಗೊತ್ತಿದೆ.

ವರಗಳ ಪಟ್ಟಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ 7 ವರಗಳಿವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದ ಆರಂಭದ ಪಟ್ಟಿಯಲ್ಲಿ 9 ಇವೆ. ಅದೇ ಅಧ್ಯಾಯದ ಕೊನೆಯಲ್ಲಿ ಮತ್ತೊಂದು ಪಟ್ಟಿಯಿದೆ. ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಕರು ಎಂದು ವ್ಯಕ್ತಿಗಳನ್ನೇ ವರವಾಗಿ ಎಣಿಸಲಾಗಿದೆ. ಪೇತ್ರನಂತೂ ತನ್ನ ಮೊದಲನೆಯ ಪತ್ರಿಕೆಯಲ್ಲಿ ಎಲ್ಲವನ್ನೂ ಎರಡೇ ಮಾತಿನಲ್ಲಿ, ಅಂದರೆ ಮಾತಾಡುವುದು ಮತ್ತು ಸೇವೆಮಾಡುವುದು ಎಂದು, ಮುಗಿಸುತ್ತಾನೆ. ಯಾವ ಪಟ್ಟಿಯೂ ಇನ್ನೊಂದರ ಪ್ರತಿಯಲ್ಲ. ಬರೆದವರಿಗೆ ಪಟ್ಟಿಯನ್ನು ಪೂರ್ಣಗೊಳಿಸುವ ಆತುರವಿರಲಿಲ್ಲ. ಆ ಆತುರ ನಮ್ಮದು. ಅನ್ಯಭಾಷೆಗಳನ್ನಾಡುವುದು (ಆತ್ಮನ ಪ್ರೇರಣೆಯಿಂದ ತಾನು ಕಲಿಯದ ಭಾಷೆಯಲ್ಲಿ ಮಾತಾಡುವುದು), ಸ್ವಸ್ಥಪಡಿಸುವುದು ಮುಂತಾದವು ಅಪೊಸ್ತಲರ ಕಾಲಕ್ಕೇ ಮುಗಿದವೋ ಇಂದಿಗೂ ಇವೆಯೋ ಎಂಬ ವಿಷಯದಲ್ಲಿ ದೇವಭಕ್ತರೇ ಎರಡು ಪಕ್ಷವಾಗಿದ್ದಾರೆ, ಎರಡೂ ಪಕ್ಷಗಳು ಕೊರಿಂಥದವರಿಗೆ ಬರೆದ ಅದೇ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯವನ್ನು ತೆರೆದು ವಾದಿಸುತ್ತವೆ. ಇಂದು ಆ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ 12ನೆಯ ಅಧ್ಯಾಯದ ಕೊನೆಯ ಪಟ್ಟಿಯಲ್ಲಿ ನಾವು ಓದಿ ದಾಟಿಬಿಡುವ ಎರಡು ಪದಗಳ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. ಸ್ವಸ್ಥಪಡಿಸುವ ವರಕ್ಕೂ ಅನ್ಯಭಾಷೆಯ ವರಕ್ಕೂ ನಡುವೆ ಪೌಲನು ‘ಸಹಾಯಗಳು’ ಮತ್ತು ‘ನಿರ್ವಹಣೆಗಳು’ ಎಂಬ ಎರಡನ್ನು ಇಟ್ಟಿದ್ದಾನೆ. ಎರಡನೆಯದಕ್ಕೆ ಮೂಲದಲ್ಲಿರುವ ಪದ ಹಡಗಿನ ಚುಕ್ಕಾಣಿ ಹಿಡಿಯುವವನ ಕೆಲಸಕ್ಕೆ ಸಂಬಂಧಿಸಿದ್ದು. ಕೊರಿಂಥವು ಎರಡು ಬಂದರುಗಳ ನಡುವಿನ ಪಟ್ಟಣ, ಅಲ್ಲಿಯ ಜನರಿಗೆ ಚುಕ್ಕಾಣಿಗಾರನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಭೆಯ ಲೆಕ್ಕಪತ್ರವನ್ನು ನೇರವಾಗಿ ಇಡುವವರೂ, ಜಗಳವಾಗುವ ಮುನ್ನವೇ ಕೆಲಸವನ್ನು ಹಂಚಿಕೊಡುವವರೂ ಪವಿತ್ರಾತ್ಮನ ವರವನ್ನೇ ಬಳಸುತ್ತಿದ್ದಾರೆ ಎಂದು ನಾವು ಎಷ್ಟು ಸಲ ಹೇಳಿದ್ದೇವೆ?

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನನ್ನ ವರ ಯಾವುದು? ಇದನ್ನು ನಾನು ತಿಳಿದುಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಇತ್ತೀಚಿನ ದಶಕಗಳಲ್ಲಿ ಪ್ರಶ್ನಾವಳಿಗಳು ಬಳಕೆಗೆ ಬಂದಿವೆ. ನೂರಾರು ವಾಕ್ಯಗಳಿಗೆ ‘ಯಾವಾಗಲೂ’, ‘ಕೆಲವೊಮ್ಮೆ’, ‘ಎಂದಿಗೂ ಇಲ್ಲ’ ಎಂದು ಗುರುತು ಹಾಕಿ ಅಂಕ ಕೂಡಿಸಿದರೆ ನಿಮ್ಮ ವರ ಯಾವುದೆಂದು ತಿಳಿಯುತ್ತದಂತೆ. ಅವು ಪೂರ್ತಿ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ವರ ಎಂದರೆ ಪ್ರಸಂಗ ಮತ್ತು ಹಾಡು ಎರಡೇ ಎಂದು ನಂಬಿದ್ದವರಿಗೆ ಅವು ಕಣ್ಣು ತೆರೆಸಿದ್ದುಂಟು. ಆದರೆ ನಾನೇ ಒಮ್ಮೆ ಅಂಥದೊಂದನ್ನು ತುಂಬಿಸಿದಾಗ ‘ನಂಬಿಕೆಯ ವರ’ಕ್ಕೆ ಅತಿ ಹೆಚ್ಚು ಅಂಕ ಬಂದಿತ್ತು. ಕಾಗದವನ್ನು ಓದಿದ ನನ್ನ ಹೆಂಡತಿ ನಕ್ಕುಬಿಟ್ಟಳು. ಮಗುವಿನ ಮೈ ಸ್ವಲ್ಪ ಬಿಸಿಯಾದರೂ ರಾತ್ರಿಯಿಡೀ ಎದ್ದು ಕೂರುವವನು ನಾನು. ಆ ಉತ್ತರಗಳನ್ನು ಬರೆದವನು ನಾನಲ್ಲ, ನಾನು ಆಗಬೇಕೆಂದು ಬಯಸುತ್ತಿದ್ದ ಇನ್ನೊಬ್ಬ. ನನ್ನನ್ನು ದಿನವೂ ನೋಡುವವಳಿಗೆ ಮೂರು ನಿಮಿಷದಲ್ಲಿ ತಿಳಿದದ್ದು ಆ ಪ್ರಶ್ನಾವಳಿಗೆ ತಿಳಿಯಲಿಲ್ಲ.

ಹೊಸ ಒಡಂಬಡಿಕೆಯಲ್ಲಿ ಯಾರೂ ತನ್ನ ವರವನ್ನು ಒಂಟಿಯಾಗಿ ಕುಳಿತು ಕಂಡುಹಿಡಿದ ಪ್ರಸಂಗ ನನಗೆ ಕಾಣುವುದಿಲ್ಲ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಮೊದಲು ಎದ್ದದ್ದು ಒಂದು ಗುಣುಗುಟ್ಟುವಿಕೆ: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ಅನ್ಯಾಯವಾಗುತ್ತಿತ್ತು. ಅಗತ್ಯ ಎದುರಿಗೆ ಬಂತು, ಸಮೂಹವು ಸುತ್ತಲೂ ನೋಡಿ ಒಳ್ಳೆಯ ಹೆಸರು ಪಡೆದ 7 ಮಂದಿಯನ್ನು ಆರಿಸಿತು, ಅಪೊಸ್ತಲರು ಪ್ರಾರ್ಥನೆಮಾಡಿ ಅವರ ಮೇಲೆ ಕೈಗಳನ್ನಿಟ್ಟರು. ಆ ಏಳು ಮಂದಿಯಲ್ಲಿ ಸ್ತೆಫನನು ಮುಂದೆ ಸಾಕ್ಷಿ ಹೇಳಿ ಪ್ರಾಣಕೊಟ್ಟನು, ಫಿಲಿಪ್ಪನು ಸುವಾರ್ತಿಕನಾದನು. ಆದರೆ ಅವರು ಶುರುಮಾಡಿದ್ದು ಊಟ ಬಡಿಸುವ ಕೆಲಸದಿಂದ. ಬಾರ್ನಬನ ನಿಜವಾದ ಹೆಸರು ಯೋಸೇಫ. ಅವನು ಜನರಿಗೆ ಧೈರ್ಯ ತುಂಬುವುದನ್ನು ಕಂಡು ಅಪೊಸ್ತಲರೇ ಆ ಅರ್ಥ ಬರುವ ‘ಬಾರ್ನಬ’ ಎಂಬ ಹೆಸರಿಟ್ಟರು, ಅಂದರೆ ಅವನ ವರ ಏನೆಂದು ಅವನಿಗಿಂತ ಮೊದಲು ಇತರರು ಹೆಸರಿಸಿದರು. ಅದೇ ಬಾರ್ನಬನು, ಯೆರೂಸಲೇಮಿನಲ್ಲಿ ಎಲ್ಲರೂ ಸೌಲನನ್ನು, ಅಂದರೆ ಮುಂದೆ ಪೌಲನೆಂದು ಹೆಸರಾದವನನ್ನು, ಕಂಡು ಹೆದರುತ್ತಿದ್ದಾಗ, ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಬಂದನು. ಮುಂದೆ ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಾದಾಗ ತಾರ್ಸಕ್ಕೆ ಹೋಗಿ ಅವನನ್ನು ಹುಡುಕಿ ತಂದನು. ಒಬ್ಬನ ವರ ಇನ್ನೊಬ್ಬನ ವರವನ್ನು ಹೀಗೆ ಬೆಳಕಿಗೆ ಎಳೆಯುತ್ತದೆ.

ನನಗೆ ತಿಳಿದ ಒಂದು ಸಭೆಯಲ್ಲಿ ಒಬ್ಬ ಹಿರಿಯರಿದ್ದರು. ಗಟ್ಟಿಯಾಗಿ ಪ್ರಾರ್ಥನೆ ಮಾಡಿ ಎಂದರೆ ಬೆವರುತ್ತಿದ್ದರು. ಪ್ರಸಂಗದ ಮಾತು ದೂರವೇ ಉಳಿಯಿತು. ಆರಾಧನೆ ಮುಗಿಯುವಾಗ ಅವರು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ನಿಂತಿರುತ್ತಿದ್ದರು. ಹೊರಗೆ ಹೋಗುವ ಪ್ರತಿಯೊಬ್ಬರ ಮುಖ ನೋಡಿ ತಲೆಯಾಡಿಸುತ್ತಿದ್ದರು, ಅಷ್ಟೇ. ಯಾರೂ ಅದನ್ನು ಸೇವೆ ಎಂದು ಗಣಿಸಿರಲಿಲ್ಲ. ಒಮ್ಮೆ ಸಭಾಪಾಲಕರು, ಒಬ್ಬ ವಿದ್ಯಾರ್ಥಿ ಕೆಲವು ವಾರಗಳಿಂದ ಕಾಣುತ್ತಿಲ್ಲ, ಯಾರಿಗಾದರೂ ಗೊತ್ತೇ ಎಂದು ಕೇಳಿದಾಗ, ಈ ಹಿರಿಯರು ಮೆಲ್ಲಗೆ, ಅವನು ಬಾರದ ಮೊದಲ ಭಾನುವಾರದ ಸಂಜೆಯೇ ತಾವು ಅವನ ಕೋಣೆಗೆ ಹೋಗಿದ್ದಾಗಿಯೂ ಪ್ರತಿ ವಾರ ಹೋಗುತ್ತಿರುವುದಾಗಿಯೂ ಹೇಳಿದರು. ವಿಚಾರಿಸುತ್ತಾ ಹೋದಂತೆ ಅಂಥ ಇನ್ನೂ ಐದಾರು ಮನೆಗಳ ಬಾಗಿಲನ್ನು ಅವರು ತಟ್ಟಿದ್ದು ತಿಳಿಯಿತು. ಒಳಗೆ ಇದ್ದವರನ್ನು ಎಣಿಸುವ ನಮ್ಮ ನಡುವೆ, ಬಾರದವರನ್ನು ಎಣಿಸುವ ಕಣ್ಣು ಅವರಿಗೆ ಒಬ್ಬರಿಗೇ ಇತ್ತು. ಇದು ನಿಮ್ಮ ವರ ಎಂದು ಸಭಾಪಾಲಕರು ಹೇಳಿದ ದಿನ ಅವರು ನಂಬಲಿಲ್ಲ. ಇದರಲ್ಲೇನಿದೆ, ಯಾರಾದರೂ ಮಾಡುವ ಕೆಲಸ ಎಂದರು. ಈ ಉತ್ತರವನ್ನು ಗಮನಿಸಿ. ತನಗೆ ಸಲೀಸಾಗಿರುವುದು ಎಲ್ಲರಿಗೂ ಸಲೀಸು ಎಂದು ವರವುಳ್ಳವನು ತಿಳಿದಿರುತ್ತಾನೆ, ಆದ್ದರಿಂದಲೇ ಅದು ಅವನ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಸ್ವಾಭಾವಿಕ ಸಾಮರ್ಥ್ಯ ಬೇರೆ, ಆತ್ಮಿಕ ವರ ಬೇರೆ ಅಲ್ಲವೇ ಎಂದು ನೀವು ಕೇಳಬಹುದು. ಗೆರೆಯನ್ನು ನಾವು ಎಳೆದಷ್ಟು ಗಟ್ಟಿಯಾಗಿ ಶಾಸ್ತ್ರ ಎಳೆಯುವುದಿಲ್ಲ. ದೇವರು ತನ್ನ ಆತ್ಮದಿಂದ ತುಂಬಿಸಿದ್ದೇನೆಂದು ಹೆಸರು ಹಿಡಿದು ಹೇಳಿದವರಲ್ಲಿ ಬೈಬಲಿನಲ್ಲಿ ಮೊದಲು ಸಿಗುವವನು ಯಾಜಕನೂ ಅಲ್ಲ, ಪ್ರವಾದಿಯೂ ಅಲ್ಲ. ವಿಮೋಚನಕಾಂಡ 31ರ ಬೆಚಲೇಲನು ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರಗಳಲ್ಲಿ ಕೆಲಸಮಾಡುವ ಕುಶಲಕರ್ಮಿ. ಅವನಿಗೆ ಇತರರಿಗೆ ಕಲಿಸುವ ಸಾಮರ್ಥ್ಯವನ್ನೂ ಕೊಟ್ಟನೆಂದು 35ನೆಯ ಅಧ್ಯಾಯ ಸೇರಿಸುತ್ತದೆ. ಕೈಚಳಕ ಯಾವಾಗ ವರವಾಗುತ್ತದೆ ಎಂಬುದಕ್ಕೆ ಪೌಲನ ಅಳತೆಗೋಲು ಒಂದೇ: ಅದರಿಂದ ಸರ್ವರ ಪ್ರಯೋಜನವಾಗಬೇಕು, ಸಭೆಗೆ ಭಕ್ತಿವೃದ್ಧಿಯಾಗಬೇಕು. ಇಂಪಾದ ಕಂಠ ಹಾಡುಗಾರನ ಹೆಸರನ್ನಷ್ಟೇ ಬೆಳೆಸಿದರೆ ಅದು ಸಾಮರ್ಥ್ಯವಾಗಿಯೇ ಉಳಿಯಿತು.

ಬಳಕೆಯ ವಿಷಯದಲ್ಲಿ ಎರಡು ತೊಂದರೆಗಳನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಮೊದಲನೆಯದು ಹೂತಿಡುವುದು. ಮತ್ತಾಯ 25ರ ಸಾಮ್ಯದಲ್ಲಿ ಯಜಮಾನನಿಂದ ಒಂದೇ ತಲಾಂತು ಹಣ ಪಡೆದ ಆಳನ್ನು ನಾವು ಬಡಪಾಯಿ ಎಂದುಕೊಳ್ಳುತ್ತೇವೆ. ಒಂದು ತಲಾಂತು ಎಂದರೆ ಸುಮಾರು 6000 ದಿನಗಳ ಕೂಲಿ. ಒಬ್ಬ ಕೂಲಿಯಾಳಿನ ಹೆಚ್ಚುಕಡಿಮೆ 20 ವರ್ಷದ ದುಡಿಮೆ. ಅಷ್ಟನ್ನು ಅವನು ಮಣ್ಣಿನಲ್ಲಿ ಮುಚ್ಚಿದ್ದು ಭಯದಿಂದ. ನಾವು ದಿನವೂ ಆಡುವ ‘ಟ್ಯಾಲೆಂಟ್’ ಎಂಬ ಮಾತಿಗೆ ಪ್ರತಿಭೆ ಎಂಬ ಅರ್ಥ ಬಂದದ್ದೇ ಈ ಸಾಮ್ಯದಿಂದ ಎಂಬುದನ್ನು ನೆನೆದರೆ, ನನ್ನಲ್ಲೇನೂ ಇಲ್ಲ ಎಂಬ ಮಾತು ನಮ್ರತೆಯಂತೆ ಕೇಳಿಸುವುದಿಲ್ಲ. ಪೌಲನ ಕಿರಿಯ ಜೊತೆಗೆಲಸದವನಾದ ತಿಮೊಥೆಯನಿಗೂ ಇದೇ ಅಂಜಿಕೆಯಿತ್ತೆಂದು ತೋರುತ್ತದೆ. ತನ್ನಲ್ಲಿರುವ ವರವನ್ನು ಅಲಕ್ಷ್ಯಮಾಡಬೇಡವೆಂದು ಮೊದಲ ಪತ್ರಿಕೆಯಲ್ಲಿ ಹೇಳಿಸಿಕೊಂಡವನು, ಎರಡನೆಯದರಲ್ಲಿ ಅದನ್ನು ಮತ್ತೆ ಉರಿಸು ಎಂದು ಹೇಳಿಸಿಕೊಳ್ಳಬೇಕಾಯಿತು. ಬೂದಿ ಮುಚ್ಚಿದ ಕೆಂಡವನ್ನು ಕೆದಕಿ ಊದುವುದಕ್ಕೆ ಹೇಳುವ ಮಾತು ಅದು. ಕೆಂಡ ಇದೆ ಎಂಬ ವಿಷಯದಲ್ಲಿ ಪೌಲನಿಗೆ ಸಂಶಯವಿರಲಿಲ್ಲ.

ಎರಡನೆಯ ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು: ತನ್ನ ವರ ತಿಳಿದುಬಂದ ಮೇಲೆ ಉಳಿದದ್ದಕ್ಕೆಲ್ಲ ವಿನಾಯಿತಿ ಕೇಳುವುದು. ಕೊಡುವುದು ನನ್ನ ವರವಲ್ಲ, ರೋಗಿಗಳನ್ನು ನೋಡುವುದು ನನ್ನ ವರವಲ್ಲ ಎಂದು ಹೇಳುವವರನ್ನು ನಾನು ಬಲ್ಲೆ. ಕೊಡುವುದು, ಕರುಣೆ ತೋರಿಸುವುದು, ಸಾಕ್ಷಿ ಹೇಳುವುದು ಎಲ್ಲ ವಿಶ್ವಾಸಿಗಳಿಗೂ ಆಜ್ಞೆಯಾಗಿ ಬಂದಿವೆ. ಕೆಲವರಿಗೆ ಅವು ವರವಾಗಿಯೂ ಬಂದಿವೆ, ಅಷ್ಟೇ. ವ್ಯತ್ಯಾಸ ಎಲ್ಲಿ ಕಾಣುತ್ತದೆಂಬುದಕ್ಕೆ ರೋಮಾಪುರದವರ ಪತ್ರಿಕೆಯಲ್ಲಿ ಸಣ್ಣದೊಂದು ಸುಳಿವಿದೆ. ಪೌಲನು ಅಲ್ಲಿ ಕೆಲವು ವರಗಳ ಪಕ್ಕದಲ್ಲಿ ಅವನ್ನು ಬಳಸಬೇಕಾದ ಬಗೆಯನ್ನೂ ಬರೆದಿದ್ದಾನೆ: ದಾನಕೊಡುವವನು ಉದಾರ ಮನಸ್ಸಿನಿಂದ ಕೊಡಲಿ, ಮುಂದಾಳು ಆಸಕ್ತಿಯಿಂದ ನಡೆಸಲಿ, ಕರುಣೆ ತೋರಿಸುವವನು ಸಂತೋಷದಿಂದ ತೋರಿಸಲಿ ಎನ್ನುತ್ತಾನೆ. ಹಾಸಿಗೆ ಹಿಡಿದವರ ಬಳಿ ಕರ್ತವ್ಯಕ್ಕಾಗಿ ಹೋಗಿ ಗಡಿಯಾರ ನೋಡುವವರು ನಾವು ಬಹಳ ಮಂದಿ. ಆ ಕೋಣೆಯಲ್ಲಿ ನಗುತ್ತಾ ಕುಳಿತು, ರೋಗಿಯನ್ನೂ ನಗಿಸಿ, ಹೊತ್ತು ಹೋದದ್ದೇ ತಿಳಿಯದೆ ಏಳುವವರು ಕೆಲವರು. ನಾವೂ ಹೋಗಬೇಕು. ಆದರೆ ಆ ಕೆಲಸವನ್ನು ಮುನ್ನಡೆಸಬೇಕಾದವರು ಅವರು.

ವರವಿದ್ದವನಿಗೆ ಅಂಕೆಯೂ ಇರಬೇಕು. ಆತ್ಮನೇ ನನ್ನನ್ನು ಹಿಡಿದಿದ್ದಾನೆ, ನಿಲ್ಲಿಸಲಾರೆ ಎಂಬ ನೆಪವನ್ನು ಪೌಲನು ಒಪ್ಪುವುದಿಲ್ಲ. ಪ್ರವಾದಿಗಳ ಆತ್ಮಗಳು ಪ್ರವಾದಿಗಳ ಸ್ವಾಧೀನದಲ್ಲಿವೆ ಎನ್ನುತ್ತಾನೆ. ಅನ್ಯಭಾಷೆಯಾಡುವವರು ಒಂದು ಕೂಟದಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೊಬ್ಬರು. ಅರ್ಥ ಹೇಳುವವನಿಲ್ಲದಿದ್ದರೆ ಮೌನ. ಸಭೆಯಲ್ಲಿ ತಿಳಿಯದ ಭಾಷೆಯ ಹತ್ತು ಸಾವಿರ ಮಾತುಗಳಿಗಿಂತ ಬುದ್ಧಿಗೆ ಎಟಕುವ ಐದು ಮಾತು ತನಗೆ ಇಷ್ಟ ಎಂದು ಹೇಳಿದವನು, ತಾನೇ ಎಲ್ಲರಿಗಿಂತ ಹೆಚ್ಚಾಗಿ ಅನ್ಯಭಾಷೆಗಳನ್ನಾಡುತ್ತಿದ್ದವನು. ಅದೇ ರೀತಿ, ವರವಿದ್ದವನ ಮೇಲೆ ಎಲ್ಲವನ್ನೂ ಹೇರುವ ಸಭೆಗೂ ಒಂದು ಮಾತು ಸಲ್ಲಬೇಕು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ, ನೀನು ಮಾಡುವುದು ಸರಿಯಲ್ಲ, ನೀನೂ ಬಳಲುತ್ತೀ ಜನರನ್ನೂ ಬಳಲಿಸುತ್ತೀ ಎಂದು ಎಚ್ಚರಿಸಿದವನು ಅವನ ಮಾವನಾದ ಇತ್ರೋ. ಆ ಮಾತು ಬರುವವರೆಗೆ ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನಿಲ್ಲಬಲ್ಲವರು ಗುಂಪಿನೊಳಗೇ ಇದ್ದಾರೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ಯೊಪ್ಪ ಎಂಬ ಊರಿನಲ್ಲಿ ತಬಿಥಾ ಎಂಬ ಶಿಷ್ಯೆ ತೀರಿಕೊಂಡಾಗ ಪೇತ್ರನನ್ನು ಮೇಲಂತಸ್ತಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ವಿಧವೆಯರೆಲ್ಲ ಅಳುತ್ತಾ ಅವನ ಸುತ್ತಲೂ ನಿಂತು, ಅವಳು ತಮ್ಮೊಂದಿಗಿದ್ದಾಗ ಮಾಡಿಕೊಟ್ಟ ಒಳಂಗಿಗಳನ್ನೂ ಮೇಲಂಗಿಗಳನ್ನೂ ತೋರಿಸಿದರು. ಅವಳು ಆಡಿದ ಒಂದು ಮಾತನ್ನೂ ಬೈಬಲು ಉಳಿಸಿಕೊಟ್ಟಿಲ್ಲ. ಅವಳಿಗೆ ಇಂಥ ವರವಿತ್ತೆಂದೂ ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನು ಹೇಳಿಲ್ಲ. ಅದು ಏನೆಂದು ಕೇಳಿದ್ದರೆ ಆ ಹೆಂಗಸರು ಬಹುಶಃ ಬಟ್ಟೆಯ ಅಂಚನ್ನು ತಿರುಗಿಸಿ ಹೊಲಿಗೆಯನ್ನು ತೋರಿಸುತ್ತಿದ್ದರು.